ಮೂವತ್ತೊಂಬತ್ತು ಮರದ ತಲೆಗಳು

ಬಾಲ್ಟಿಮೋರಿನ ಪಶ್ಚಿಮ ಭಾಗದಲ್ಲಿ, ಒಂದಕ್ಕೊಂದು ಭುಜ ಕೊಟ್ಟು ನಿಂತ ಇಟ್ಟಿಗೆ ಮನೆಗಳ ಸಾಲಿನಲ್ಲಿ, ಕಪ್ಪು ಬಾಗಿಲಿನ ಮನೆ ಯಾವುದೆಂದು ಕೇಳಿದರೆ ಬೀದಿನಾಯಿಯೂ ತೋರಿಸುತ್ತದೆ. ಬಾಗಿಲು ಮಾತ್ರವಲ್ಲ, ಕಿಟಕಿಯ ಚೌಕಟ್ಟು ಕಪ್ಪು, ಪರದೆ ಕಪ್ಪು, ಹೂಕುಂಡವೂ ಕಪ್ಪು. ಮುಂದಿನ ಮೂರು ಅಮೃತಶಿಲೆಯ ಮೆಟ್ಟಿಲು ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಯಾಕೆಂದರೆ ಮೆಟ್ಟಿಲು ತಿಕ್ಕದ ಹೆಂಗಸನ್ನು ನಮ್ಮ ಬೀದಿ ಕ್ಷಮಿಸುವುದಿಲ್ಲ, ಅವಳು ದೆವ್ವವೇ ಆಗಿದ್ದರೂ ಸರಿ.

ಆ ಮನೆಯವಳ ಹೆಸರು ಕಿಯಾನಾ ಬಾಯ್ಕಿನ್. ವಯಸ್ಸು ಮೂವತ್ತಾರು, ಕಸುಬು ಟೋಪಿ ಮಾಡುವುದು. ಕಪ್ಪು ತುಟಿ, ಕಪ್ಪು ಉಗುರು, ಸೊಂಟ ಮುಟ್ಟುವ ಸಣ್ಣ ಸಣ್ಣ ಜಡೆಗಳ ತುದಿಯಲ್ಲಿ ಬಟಾಣಿ ಗಾತ್ರದ ಬೆಳ್ಳಿ ಬಣ್ಣದ ತಲೆಬುರುಡೆಗಳು. ಜುಲೈ ಸೆಖೆಗೆ ರಸ್ತೆಯ ಡಾಂಬರು ಮೆತ್ತಗಾಗುವಾಗಲೂ ಪಾದ ಮುಚ್ಚುವ ಕಪ್ಪು ಲಂಗ. ಈ ಪಂಗಡಕ್ಕೆ ಗಾಥ್ ಎಂದು ಹೆಸರು, ಅದರಲ್ಲಿ ಹೆಚ್ಚಿನವರು ಬಿಳಿಯರು. ಸ್ಮಶಾನ, ಹುಣ್ಣಿಮೆ, ಬಾವಲಿ, ಕರುಳು ಹಿಂಡುವ ಗಿಟಾರು ಅವರಿಗೆ ಪ್ರಾಣ. ಹಾಗೆಂದು ಕಿಯಾನಾ ಗೋಳುಮುಖದವಳೆಂದುಕೊಂಡರೆ ಕೆಟ್ಟಿರಿ. ಅವಳು ನಕ್ಕರೆ ಮೂರನೇ ಮನೆಯಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ.

ಕುದುರೆಗಾಡಿಯಲ್ಲಿ ಹಣ್ಣು ಮಾರುವ ಡುಪ್ರೀ ಬೆಳಿಗ್ಗೆ ಅವಳ ಮನೆಯ ಮುಂದೆ ಗಾಡಿ ನಿಲ್ಲಿಸದೆ ಮುಂದೆ ಹೋಗುವವನಲ್ಲ. ಅವನ ಕುದುರೆಯ ಹೆಸರು ಸೆನೆಟರ್. ತಿನ್ನುವುದು ಜಾಸ್ತಿ, ನಡೆಯುವುದು ಕಡಿಮೆ ಎಂಬ ಕಾರಣಕ್ಕೆ ಇಟ್ಟ ಹೆಸರು.

"ಏ ಬಾವ್ಲಿ! ಯಾರೇ ಸತ್ರು ಇವತ್ತು?"

"ಇನ್ನೂ ಯಾರೂ ಇಲ್ಲ ಡುಪ್ರೀ ಮಾಮ. ಪಟ್ಟೀಲಿ ನಿಂದೇ ಮೊದಲ್ನೇ ಹೆಸರು."

"ಸತ್ರೆ ನಂಗೂ ಒಂದು ಟೋಪಿ ಹೊಲ್ಕೊಡು ಮತ್ತೆ."

"ಕುಂಬಳಕಾಯಿ ಅಳತೆ ನನ್ ಹತ್ರ ಇಲ್ಲ, ಹೋಗು."

ಇಷ್ಟು ಆದ ಮೇಲೇ ಇಬ್ಬರಿಗೂ ದಿನ ಶುರುವಾಗುವುದು.

ಆದರೆ ಹೀಗೆ ನಗುತ್ತಾ ಬೈಸಿಕೊಳ್ಳುವ ಹಂತಕ್ಕೆ ಬರಲು ಕಿಯಾನಾಳಿಗೆ ಇಪ್ಪತ್ತು ವರ್ಷ ಹಿಡಿಯಿತು. ಕಪ್ಪು ಜನ ಹೀಗಿರಬೇಕು ಎಂದು ಬಿಳಿಯರು ಬರೆದಿಟ್ಟ ಪಟ್ಟಿ ಒಂದಿದೆ. ಅದನ್ನು ಹರಿದು ಹಾಕಲು ನಮ್ಮವರು ಬೀದಿಗಿಳಿದರು, ಒದೆ ತಿಂದರು, ಜೈಲಿಗೂ ಹೋದರು. ಮನೆಗೆ ಬಂದವರೇ ಅಷ್ಟೇ ಉದ್ದದ ಇನ್ನೊಂದು ಪಟ್ಟಿಯನ್ನು ತಾವೇ ಬರೆದರು. ಯಾವ ಹಾಡು ನಮ್ಮದು, ಯಾವ ಬಟ್ಟೆ ನಮ್ಮದಲ್ಲ, ಎಲ್ಲದಕ್ಕೂ ಅದರಲ್ಲಿ ಉತ್ತರವಿದೆ. ಹೈಸ್ಕೂಲಿನಲ್ಲಿ ಕಿಯಾನಾ ಕಪ್ಪು ತುಟಿ ಬಳಿದುಕೊಂಡು ಹೋದ ದಿನ ಅವಳ ತರಗತಿಯವರೇ "ಬಿಳೀ ಹುಡ್ಗಿ ಬಂದ್ಲು" ಎಂದು ಹಾದಿ ಬಿಟ್ಟು ನಕ್ಕರು. ಸರಿ, ತನ್ನಂಥವರು ಸಿಕ್ಕಾರೆಂದು ಪೇಟೆಯ ಗಾಥ್ ಕ್ಲಬ್ಬಿಗೆ ಹೋದರೆ ಅಲ್ಲಿ ಮೈದಾ ಹಿಟ್ಟು ಮೆತ್ತಿಕೊಂಡಂತಿದ್ದ ಒಬ್ಬ ಬಿಳಿಯ, "ನಿಂಗಿದು ಒಪ್ಪಲ್ಲ. ಇದಕ್ಕೆ ಹೆಣದ ಬಣ್ಣ ಬೇಕು" ಅಂದ.

"ಕತ್ತಲೆ ಥರ ಕಾಣೋಕೆ ನೀನು ಎರಡು ಗಂಟೆ ಕನ್ನಡಿ ಮುಂದೆ ಕೂರ್ತೀಯ," ಎಂದಳು ಕಿಯಾನಾ. "ನಾನು ಹುಟ್ತಾನೇ ರೆಡಿಯಾಗಿ ಬಂದಿದೀನಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊ, ಹಾಡು ಕೇಳಿಸ್ತಿಲ್ಲ."

ನಮ್ಮ ಬೀದಿಯ ಹುಡುಗನೊಬ್ಬ ಪೊಲೀಸರ ಕೈಯಲ್ಲಿ ಸತ್ತಾಗ ಇಡೀ ಪೇಟೆ ರಸ್ತೆಗಿಳಿಯಿತಲ್ಲ, ಆಗ ಕಿಯಾನಾ ತನ್ನ ಉದ್ದ ಲಂಗ, ಮುಖದ ಮೇಲೆ ಇಳಿಬಿಟ್ಟ ಕಪ್ಪು ಜಾಲರಿಯ ಟೋಪಿಯಲ್ಲೇ ಮೆರವಣಿಗೆಗೆ ಬಂದಳು. ಮೈಕು ಹಿಡಿದವನೊಬ್ಬ, "ತಂಗಿ, ಇದು ವೇಷ ಹಾಕೋ ಜಾಗ ಅಲ್ಲ" ಎಂದು ಬುದ್ಧಿ ಹೇಳಿದ. "ಸತ್ತಿರೋದು ನಮ್ಮ ಹುಡ್ಗ. ಈ ಗುಂಪಲ್ಲಿ ದುಃಖಕ್ಕೆ ಸರಿಯಾಗಿ ಬಟ್ಟೆ ಹಾಕಿರೋಳು ನಾನೊಬ್ಳೇ. ಮುಂದೆ ನಡಿ" ಅಂದಳು. ಅವನು ನಡೆದ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷ ಬಿಳಿ ಹಾಸಿಗೆ ಬಟ್ಟೆಗಳನ್ನು ಕುದಿಸಿ ಸಾಕಾಗಿ, ಕೆಲಸ ಬಿಟ್ಟು ಮನೆಯ ಮುಂಗೋಣೆಯಲ್ಲಿ ಟೋಪಿ ಅಂಗಡಿ ಇಟ್ಟಳು. ಹೆಸರು 'ಕರಿ ಕಿರೀಟ'. ಉಣ್ಣೆಯ ಗಟ್ಟಿ ಬಟ್ಟೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಎಳೆದು, ಟೋಪಿಯಾಗಿ ಕೂರಿಸಿ, ಅದರ ಮೇಲೆ ಕಾಗೆಗರಿ, ಮುಳ್ಳು, ಒಣಗಿದ ಗುಲಾಬಿ, ಬಾವಲಿ ರೆಕ್ಕೆ. ಕೊಳ್ಳಲು ಯಾರು ಬರುತ್ತಾರೆಂದು ಬೀದಿಯೇ ನಕ್ಕಿತ್ತು. ಬಂದರು. ಹೆಡ್‌ಫೋನಿನಲ್ಲಿ ಕಿವಿ ಹರಿಯುವ ಗಿಟಾರು ಕೇಳುತ್ತ ಬಸ್ ಓಡಿಸುವ ಡ್ರೈವರ್ ಬಂದ. ಬೀಜಗಣಿತ ಕಲಿಸುವ ಟೀಚರಮ್ಮ ಬಂದಳು, ಅವಳ ಅಂಗಿಯ ತೋಳಿನೊಳಗೆ ಇಡೀ ಜೇಡರಬಲೆಯ ಹಚ್ಚೆ. ಹೆಣಗಳಿಗೆ ಅಲಂಕಾರ ಮಾಡುವ ಹೆಂಗಸೂ ಬಂದಳು. ಎಲ್ಲರೂ ಕಪ್ಪು ಜನ, ಎಲ್ಲರೂ ಬಾಗಿಲು ದಾಟಿದ ಕೂಡಲೇ ಒಂದೇ ಮಾತು ಹೇಳಿದರು: "ಈ ಊರಲ್ಲಿ ಇಂಥ ಜೀವ ನಂದೊಂದೇ ಅಂದ್ಕೊಂಡಿದ್ದೆ." ಕೇಳಿ ಕೇಳಿ ಬೇಸತ್ತು ಕಿಯಾನಾ ಆ ಮಾತನ್ನು ಬರೆದು, 'ಅಲ್ಲ' ಎಂದು ಕೆಳಗೆ ಸೇರಿಸಿ, ಬಾಗಿಲ ಒಳಬದಿಗೆ ನೇತುಹಾಕಿದಳು.

ಒಂದೇ ತೊಂದರೆ. ಟೋಪಿ ಮಾಡುವವರಿಗೆ ಮರದ ಅಚ್ಚು ಬೇಕು. ತಲೆಯ ಆಕಾರದ ಮರದ ದಿಮ್ಮಿ, ಅದರ ಮೇಲೆಯೇ ಬಟ್ಟೆಯನ್ನು ಎಳೆದು ಕೂರಿಸುವುದು. ಅದನ್ನು ಕೆತ್ತುವವರು ಈಗ ಊರಲ್ಲಿ ಯಾರೂ ಉಳಿದಿಲ್ಲ. ಕಿಯಾನಾ ಸ್ಟೀಲ್ ಬೋಗುಣಿ, ಸಾರಿನ ಪಾತ್ರೆ, ತಲೆಯಷ್ಟು ದಪ್ಪದ ಒಂದು ಹಳೇ ಬೌಲಿಂಗ್ ಚೆಂಡು ಇವುಗಳ ಮೇಲೆ ಸಂಸಾರ ನಡೆಸಿದ್ದಳು. ಬೋಗುಣಿಗೆ ಹಣೆಯಿಲ್ಲ, ಹಿಂದಲೆಯಿಲ್ಲ. ಬ್ರೇಕ್ ಹಾಕಿದಾಗೆಲ್ಲ ಟೋಪಿ ಹಾರಿ ಪ್ರಯಾಣಿಕರ ತೊಡೆಗೆ ಬೀಳುತ್ತದೆಂದು ಬಸ್ ಡ್ರೈವರ್ ಎರಡು ಸಲ ತಂದು ಬಿಸಾಡಿ ಹೋಗಿದ್ದ. ಹೀಗೇ ಹೋದರೆ ಬರುವ ಚಳಿಗಾಲಕ್ಕೆ ಅಂಗಡಿ ಮುಚ್ಚಿ ಮತ್ತೆ ಆಸ್ಪತ್ರೆಯ ಹಾಸಿಗೆ ಬಟ್ಟೆಗೇ ಹೋಗಬೇಕು. ಅದು ಅವಳಿಗೂ ಗೊತ್ತಿತ್ತು.

ಅಂಥ ಮೂವತ್ತೊಂಬತ್ತು ಅಚ್ಚುಗಳು ನಾಲ್ಕು ಬೀದಿ ಆಚೆ ಕಿಯಾನಾಳ ದೊಡ್ಡಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಕೂತಿದ್ದವು.

ದೊಡ್ಡಮ್ಮ ಎಂದರೆ ಊರಿಗೆಲ್ಲ ಮಿಸ್ ಅರ್ಲೀನ್; ಮದುವೆಯಾಗಿದ್ದರೂ ನಮ್ಮಲ್ಲಿ ಹಿರಿಯ ಹೆಂಗಸರೆಲ್ಲ ಮಿಸ್‌ಗಳೇ. ಎಂಬತ್ತಕ್ಕೆ ಒಂದು ಕಡಿಮೆ. ಐವತ್ತು ವರ್ಷ ನ್ಯೂ ಎಲಿಮ್ ಚರ್ಚಿನ ಹೆಂಗಸರ ತಲೆ ಸಿಂಗರಿಸಿದವಳು. ನಮ್ಮ ಹೆಂಗಸರು ವಾರವೆಲ್ಲ ಇನ್ನೊಬ್ಬರ ಅಡುಗೆಮನೆ ತೊಳೆದರೂ ಭಾನುವಾರ ಟೋಪಿ ಇಟ್ಟರೆಂದರೆ ಮುಗಿಯಿತು, ರಾಣಿಯರಿಗೂ ಅವರ ಮುಂದೆ ಕೂರಲು ಧೈರ್ಯವಿಲ್ಲ. ದೊಡ್ಡಮ್ಮನ ತೀರಿಹೋದ ಗಂಡ ಕ್ಲಿಫ್ಟನ್ ಹಡಗುಕಟ್ಟೆಯ ಬಡಗಿ. ಒಬ್ಬೊಬ್ಬ ಹೆಂಗಸಿನ ತಲೆಯ ಅಳತೆಗೂ ಒಂದೊಂದು ಅಚ್ಚು ಕೆತ್ತಿದ್ದ. ಬುಡದಲ್ಲಿ ಪೆನ್ಸಿಲಿನಲ್ಲಿ ಅವರವರ ಹೆಸರು. ಮಿಸ್ ಲೂಸಿಲ್, ಎಡಗಡೆ ಉಬ್ಬು. ಮಿಸ್ ಹ್ಯಾಟಿ, ಹಣೆ ದೊಡ್ಡದು. ಹೆಸರಿನವರಲ್ಲಿ ಮುಕ್ಕಾಲು ಪಾಲು ಈಗ ಮಣ್ಣಿನಲ್ಲಿದ್ದಾರೆ.

ದೊಡ್ಡಮ್ಮನ ಬೆರಳ ಗಂಟುಗಳು ಊದಿ ಸೂಜಿ ಹಿಡಿಯಲಾಗದ ಹಾಗಾಗಿತ್ತು. ಆ ಮೇ ತಿಂಗಳಲ್ಲಿ ಅವಳು ಕೋಣೆ ಖಾಲಿ ಮಾಡುವುದಾಗಿ ಹೇಳಿದಳು. ಕಿಯಾನಾ ಓಡಿಹೋದಾಗ ಅಡುಗೆಮನೆಯಲ್ಲಿ ಸಿಸ್ಟರ್ ಒಡೆಸ್ಸಾ ಆಗಲೇ ಕುರ್ಚಿ ಹಿಡಿದು ಕೂತಿದ್ದಳು. ಒಡೆಸ್ಸಾ ಸನ್ಯಾಸಿನಿಯಲ್ಲ, ಚರ್ಚಿನ ಆಡಳಿತ ಮಂಡಳಿಯವಳು, ತೀರಿಕೊಂಡ ಮಿಸ್ ಲೂಸಿಲಳ ಮಗಳು. ಅವಳಿಗೂ ಅಚ್ಚುಗಳೇ ಬೇಕಾಗಿದ್ದವು. ಚರ್ಚಿನ ಪಡಸಾಲೆಯಲ್ಲಿ ಗಾಜಿನ ಬೀರು ಮಾಡಿಸಿ, ದೀಪ ಹಾಕಿ, ತಾಯಂದಿರ ಹೆಸರು ಬರೆದು ಸಾಲಾಗಿ ಇಡಬೇಕೆಂದು ಅವಳ ಆಸೆ.

"ಮಿಸ್ ಅರ್ಲೀನ್, ನೀವೇ ಯೋಚ್ನೆ ಮಾಡಿ," ಎಂದಳು ಒಡೆಸ್ಸಾ. "ನಮ್ಮಮ್ಮನ ತಲೆ ಮೇಲೆ ಇವಳು ಬಾವ್ಲಿ ಕೂರಿಸ್ತಾಳೆ. ಸತ್ತೋರಿಗೆ ಒಂದು ಮರ್ಯಾದೆ ಬೇಡ್ವಾ?"

"ಸತ್ತೋರ ಬಗ್ಗೆ ನಂಗಿಂತ ಕಾಳಜಿ ಇರೋರು ಈ ಊರಲ್ಲಿ ಇಲ್ಲ ಸಿಸ್ಟರ್," ಎಂದಳು ಕಿಯಾನಾ.

"ನೋಡಿ, ನೋಡಿ, ಎಲ್ಲದಕ್ಕೂ ತಮಾಷೆ."

"ಗಾಜಲ್ಲಿಟ್ರೆ ಅವು ಏನ್ ಮಾಡ್ತಾವೆ? ಧೂಳು ತಿಂತಾವೆ. ಅಚ್ಚು ಇರೋದು ಕೆಲಸಕ್ಕೆ."

"ಯಾವ ಕೆಲಸಕ್ಕೆ? ಬಿಳೀ ಹುಡುಗ್ರ ಭೂತದ ಆಟಕ್ಕಾ?"

ಕಿಯಾನಾ ಎದ್ದು ನಿಂತಳು. ದೊಡ್ಡಮ್ಮ ಚಹಾದ ಲೋಟವನ್ನು ಮೇಜಿಗೆ ಕುಕ್ಕಿದಳು.

"ಇಬ್ಬರೂ ಬಾಯಿ ಮುಚ್ಕೊಳ್ಳಿ. ನಾನಿನ್ನೂ ಸತ್ತಿಲ್ಲ, ಆಗ್ಲೇ ಪಾಲು ಹಂಚ್ತಾ ಕೂತಿದೀರಿ." ಅವಳು ಕಿಯಾನಾಳ ಕಡೆ ತಿರುಗಿದಳು. "ಬರೋ ತಿಂಗಳು ಮೂರನೇ ಭಾನುವಾರ ಮಹಿಳಾ ಭಾನುವಾರ. ನಂಗೊಂದು ಟೋಪಿ ಮಾಡ್ಕೊಡು. ಅದನ್ನ ಹಾಕ್ಕೊಂಡು ಬಾಗಿಲಿಂದ ನನ್ ಜಾಗದವರೆಗೆ ನಡೀತೀನಿ. ನಾಚಿಕೆ ಆಗದೆ ಹೋಗಿ ಕೂತ್ರೆ ಅಚ್ಚು ನಿಂದು. ನಾಚಿಕೆ ಆದ್ರೆ ಒಡೆಸ್ಸಾ ಬೀರುಗೆ. ಮುಗೀತು."

"ಮಹಿಳಾ ಭಾನುವಾರ ಎಲ್ಲಾ ಬಿಳಿ ದೊಡ್ಡಮ್ಮ," ಎಂದಳು ಕಿಯಾನಾ ಮೆಲ್ಲಗೆ.

"ಹೌದಲ್ಲ? ನಂಗೆ ಮರ್ತೇ ಹೋಗಿತ್ತು ನೋಡು," ಎಂದು ಮುದುಕಿ ಸಕ್ಕರೆ ಡಬ್ಬಿ ಮುಚ್ಚಿದಳು. ಮರೆತಿರಲಿಲ್ಲ.

ಆ ಭಾನುವಾರ ನ್ಯೂ ಎಲಿಮ್‌ನಲ್ಲಿ ಹೆಂಗಸರದೇ ಆಡಳಿತ. ನೆತ್ತಿಯಿಂದ ಅಂಗಾಲಿನವರೆಗೆ ಬಿಳಿ. ಇದರ ಜೊತೆಗೆ ಟೋಪಿಗೆ ಬೇರೆ ಕಟ್ಟಳೆಗಳಿವೆ, ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಟೋಪಿಯ ಅಂಚು ಭುಜಕ್ಕಿಂತ ಅಗಲ ಇರಬಾರದು. ಬಣ್ಣ ಕಾಲಿನ ಬೂಟಿಗಿಂತ ಗಾಢವಾಗಿರಬಾರದು. ಇನ್ನೊಬ್ಬಳ ಟೋಪಿಯನ್ನು, ಅವಳು ಎಷ್ಟೇ ಗೆಳತಿಯಾಗಿರಲಿ, ಮುಟ್ಟಬಾರದು. ಇವನ್ನು ಮುರಿದವರ ಬಗ್ಗೆ ಮೂರು ತಲೆಮಾರು ಮಾತಾಡುತ್ತಾರೆ.

ದೊಡ್ಡಮ್ಮ ತನ್ನದೇ ತಲೆಯ ಅಚ್ಚನ್ನು ಎರವಲು ಕೊಟ್ಟಳು. ಕಿಯಾನಾ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ಬಂದಳು. ಬೋಗುಣಿಗೂ ಇದಕ್ಕೂ ಇದ್ದ ವ್ಯತ್ಯಾಸ ಮೊದಲ ಎಳೆತದಲ್ಲೇ ತಿಳಿಯಿತು. ಬಟ್ಟೆ ತಾನಾಗಿ ಹೋಗಿ ಕೂರುತ್ತಿತ್ತು. ಎರಡು ವಾರ ಹಠ ಹಿಡಿದು ಒಂದು ಬಿಳಿ ಟೋಪಿ ಮಾಡಿದಳು. ಗುಂಡು ಬುರುಡೆ, ಅಗಲ ಅಂಚು, ಪಕ್ಕದಲ್ಲಿ ರೇಷ್ಮೆಯ ಮೂರು ಗುಲಾಬಿ, ಸುತ್ತ ಮುತ್ತು. ತಪ್ಪು ಹುಡುಕಲು ಜಾಗವಿರಲಿಲ್ಲ. ಸೋಮವಾರ ಕೊಂಡೊಯ್ದು ದೊಡ್ಡಮ್ಮನ ಮುಂದಿಟ್ಟಳು.

ಮುದುಕಿ ತಿರುಗಿಸಿ ನೋಡಿದಳು, ಹೊಲಿಗೆ ನೋಡಿದಳು, ಒಳಗಿನ ಪಟ್ಟಿ ನೋಡಿದಳು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಒಂದು ಡಬ್ಬ ತಂದು ಮುಚ್ಚಳ ತೆಗೆದಳು. ಒಳಗೆ ಅದೇ ಟೋಪಿ. ಮೂರು ಗುಲಾಬಿ, ಸುತ್ತ ಮುತ್ತು. ಸ್ವಲ್ಪ ಹಳದಿ ತಿರುಗಿತ್ತು.

"ಇದು ಮೂವತ್ತೈದು ವರ್ಷದ ಹಿಂದೆ ನಾನು ಮಾಡಿದ್ದು. ಇದೇ ಥರದ್ದು ಇನ್ನೂ ಹತ್ತಿವೆ. ಹನ್ನೆರಡನೇದು ಯಾಕೆ ಮಾಡ್ಕೊಂಡು ಬಂದೆ?"

"ನೀನೇ ತಾನೆ ನಾಚಿಕೆ ಆಗ್ಬಾರ್ದು ಅಂದಿದ್ದು?"

"ಇದನ್ನ ಹಾಕ್ಕೊಂಡ್ರೆ ನಾಚಿಕೆ ಆಗಲ್ಲ, ನಿದ್ದೆ ಬರುತ್ತೆ. ಲೇ, ನಿನ್ ಕೈ ಎಲ್ಲಿದೆ ಇದರಲ್ಲಿ? ಊರೆಲ್ಲಾ ಬಾವ್ಲಿ ಅಂತ ಬೈದ್ರೂ ಇಪ್ಪತ್ತು ವರ್ಷ ಬಗ್ಗದೇ ಇದ್ದೋಳು, ಹೋಗಿ ಹೋಗಿ ನನ್ನ ಮುಂದೆ ಬಗ್ತೀಯಾ? ಬಗ್ಗೋರಿಗೆ ನನ್ನ ಗಂಡ ಕೆತ್ತಿದ ಅಚ್ಚು ಕೊಡಲ್ಲ. ತಗೊಂಡ್ಹೋಗು ಇದನ್ನ."

"ಇನ್ನು ಆರೇ ದಿನ ಇದೆ ದೊಡ್ಡಮ್ಮ!"

"ದೇವರು ಅಷ್ಟರಲ್ಲಿ ಪ್ರಪಂಚ ಮಾಡಿ ಮುಗಿಸ್ದ. ನೀನು ಒಂದು ಟೋಪಿ ಮಾಡಕ್ಕಾಗಲ್ವಾ?"

ಕಿಯಾನಾ ಅಳುತ್ತಾ ಬಂದಳೆಂದು ಕೆಲವರು ಹೇಳುತ್ತಾರೆ. ಸುಳ್ಳು. ಬೈಯುತ್ತಾ ಬಂದಳು. ಮೂರು ಬೀದಿ ಬೈದಳು, ನಾಲ್ಕನೆಯದರಲ್ಲಿ ನಿಂತುಬಿಟ್ಟಳು. ಬಿಳಿಯೇ ಬೇಕಂತೆ. ಬೇಕಾದರೆ ಮೂಳೆ ಬಿಳಿ, ಹೆಣದ ಮೇಲಿನ ಬಟ್ಟೆ ಬಿಳಿ, ದೆವ್ವವೂ ಬಿಳಿ, ಸ್ಮಶಾನದ ಕಲ್ಲುಗಳೆಲ್ಲ ಬಿಳಿ. ಬಿಳಿಯಲ್ಲಿ ತನ್ನದಲ್ಲದ್ದು ಯಾವುದಿದೆ? ಅವಳು ನಡುರಸ್ತೆಯಲ್ಲಿ ಜೋರಾಗಿ ನಕ್ಕಳು. ಎದುರು ಬಂದ ಹೆಂಗಸೊಬ್ಬಳು ರಸ್ತೆ ದಾಟಿ ಆಚೆ ಬದಿಗೆ ಹೋದಳು.

ಈ ಸಲ ಕೈ ತಡೆಯಲಿಲ್ಲ. ಅಂಚನ್ನು ಒಂದು ಬದಿಗೆ ಮೇಲೆತ್ತಿ ಬಾವಲಿಯ ರೆಕ್ಕೆಯ ಹಾಗೆ ಏಣು ಏಣಾಗಿ ಮಡಚಿದಳು. ಬಾತುಕೋಳಿಯ ಗರಿಗಳ ಎಳೆ ಕಿತ್ತು, ಬರೀ ಕಡ್ಡಿ ಉಳಿಸಿ, ಹಬೆಯಲ್ಲಿ ಬಗ್ಗಿಸಿ ಮುಳ್ಳಿನ ಬಳ್ಳಿ ಮಾಡಿದಳು. ಎಲ್ಲದರ ಮೇಲೆ ಬಿಳಿ ದಾರದಲ್ಲಿ ಜೇಡರಬಲೆ ಹೆಣೆದು, ಇಬ್ಬನಿಯ ಹನಿಯಂತೆ ಅಲ್ಲೊಂದು ಇಲ್ಲೊಂದು ಗಾಜಿನ ಮಣಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮುಗಿಯುವುದರಲ್ಲಿತ್ತು. ಅಷ್ಟು ಚೆಂದದ ವಸ್ತು ಆ ಮೇಜಿನ ಮೇಲೆ ಹಿಂದೆಂದೂ ಕೂತಿರಲಿಲ್ಲ.

ಕೊನೆಯ ಹೊಲಿಗೆ ಅಂಚಿನ ಅಡಿಭಾಗದಲ್ಲಿತ್ತು. ಹೊಲಿದಳು, ಗಂಟು ಹಾಕಿದಳು. ಕತ್ತರಿ ಕೈಗೆ ಸಿಗಲಿಲ್ಲ. ಹೊಲಿಯುವವರೆಲ್ಲ ಮಾಡುವ ಹಾಗೆ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು.

ತಲೆ ಎತ್ತಿ ನೋಡಿದರೆ ಬಿಳಿ ಬಟ್ಟೆಯ ಮೇಲೆ ಒಂದು ಜೊತೆ ಕಪ್ಪು ತುಟಿ. ಮುತ್ತಿಟ್ಟ ಹಾಗೆ, ಅಚ್ಚುಕಟ್ಟಾಗಿ.

ಇಪ್ಪತ್ತೆರಡು ವರ್ಷದಿಂದ ದಾರ ಕಡಿಯುತ್ತಿದ್ದಾಳೆ, ಇಪ್ಪತ್ತೆರಡು ವರ್ಷದಿಂದ ತುಟಿಗೆ ಬಳಿಯುತ್ತಿದ್ದಾಳೆ. ಕಪ್ಪು ಟೋಪಿಯ ಮೇಲೆ ಆ ಗುರುತು ಯಾರಿಗೆ ಕಂಡೀತು? ಸೋಮವಾರದ ಬಿಳಿ ಟೋಪಿಗೆ ಭಯದಲ್ಲಿ ಪ್ರತಿ ಸಲವೂ ಕತ್ತರಿ ಹಿಡಿದಿದ್ದಳು. ಅವಳು ಮಾಡಿದ ಪ್ರತಿ ಕಪ್ಪು ಟೋಪಿಗೂ ಇಂಥದೊಂದು ಮುತ್ತು ಬಿದ್ದಿರಬೇಕು, ಇವತ್ತು ಮೊದಲ ಬಾರಿಗೆ ಕಣ್ಣಿಗೆ ಕಂಡಿತು ಅಷ್ಟೆ.

ಉಣ್ಣೆಯ ಮೇಲಿನ ಕಲೆಗೆ ಒಣ ಬ್ರೆಡ್ಡು ತಿಕ್ಕಬೇಕೆಂದು ದೊಡ್ಡಮ್ಮನಿಂದಲೇ ಕಲಿತಿದ್ದಳು. ಮನೆಯಲ್ಲಿ ಬ್ರೆಡ್ಡಿರಲಿಲ್ಲ. ಮಧ್ಯಾಹ್ನ ತರಿಸಿದ್ದ ಕರಿದ ಮೀನಿನ ಪೊಟ್ಟಣದಲ್ಲಿ, ನಮ್ಮ ಊರಲ್ಲಿ ಕೇಳದೆಯೇ ಹಾಕಿಕೊಡುವ ಎರಡು ಹೋಳು ಬಿಳಿ ಬ್ರೆಡ್ಡು ಇತ್ತು. ಗಾಬರಿಯಲ್ಲಿ ಅದನ್ನೇ ತೆಗೆದು ತಿಕ್ಕಿದಳು. ಮೀನಿನ ಎಣ್ಣೆ ಕುಡಿದು ಕೂತಿದ್ದ ಬ್ರೆಡ್ಡು. ಕೆಳಬದಿಗೆ ಖಾರದ ಸಾಸು ಬೇರೆ. ತುಟಿಯಿದ್ದ ಜಾಗದಲ್ಲಿ ಈಗ ಅಂಗೈ ಅಗಲದ, ಬೂದುಗೆಂಪು ಬಣ್ಣದ, ಮೀನು ನಾರುವ ಒಂದು ಭೂಖಂಡ ಎದ್ದಿತು.

ಆಗ ಬಾಗಿಲಲ್ಲಿ ಡುಪ್ರೀ. "ಏ ಬಾವ್ಲಿ, ಪೀಚ್ ಹಣ್ಣು ಚೆನ್ನಾಗ್..." ಟೋಪಿ ನೋಡಿ ನಿಂತ. ಮೂಗು ಅರಳಿಸಿದ. "ಇದೇನೇ, ಮೀನು ಹಿಡಿಯೋಕೆ ಹೋಗೋ ಟೋಪಿನಾ?"

"ಮಾಮ, ಈಗ ನಗಿಸ್ಬೇಡ. ಸಾಯಿಸ್ತೀನಿ."

"ತೊಳ್ದುಬಿಡು."

"ತೊಳದ್ರೆ ಆಕಾರ ಹೋಗುತ್ತೆ. ಹೊಸ ಬಟ್ಟೆ ತರಿಸೋಕೆ ನಾಲ್ಕು ದಿನ ಬೇಕು."

ಡುಪ್ರೀ ಒಂದು ಪೀಚ್ ಕಚ್ಚಿ, ಅಗಿಯುತ್ತಾ, ಟೋಪಿಯ ಸುತ್ತ ಒಂದು ಸುತ್ತು ಬಂದ. "ಗಾಡಿಗೆ ಗೀರು ಬಿದ್ರೆ ನಾನು ಗೀರು ಒರೆಸ್ತಾ ಕೂರಲ್ಲ. ಆ ಹಲಗೆ ಪೂರ್ತಿ ಬಣ್ಣ ಬಳೀತೀನಿ. ನೋಡ್ದೋರು, ಡುಪ್ರೀ ಗಾಡಿ ಹೊಸದಾಗಿದೆ ಅಂತಾರೆ." ಅಷ್ಟು ಹೇಳಿ, ಹಣ್ಣಿನ ಬೀಜವನ್ನು ಕಪ್ಪು ಹೂಕುಂಡಕ್ಕೆ ಉಗಿದು ಹೋದ.

ಕಿಯಾನಾ ಟೋಪಿಯನ್ನು ಬೋರಲು ಹಾಕಿ ನೋಡಿದಳು. ಕಲೆಯನ್ನು ಬಿಳಿ ರೇಷ್ಮೆಯಿಂದ ಮುಚ್ಚಬಹುದಿತ್ತು. ಬಿಳಿ ರೇಷ್ಮೆ ಮನೆಯಲ್ಲಿತ್ತು, ಮೊದಲ ಟೋಪಿಯ ಗುಲಾಬಿಗಳನ್ನು ಬಿಚ್ಚಿದರೆ ಸಾಕು. ಯಾರಿಗೂ ತಿಳಿಯುತ್ತಿರಲಿಲ್ಲ. ಅಚ್ಚುಗಳಿಗೆ ಅಪಾಯವೂ ಇರುತ್ತಿರಲಿಲ್ಲ. ಎದ್ದು ಹೋಗಿ ಅವಳು ತೆಗೆದದ್ದು ಕಪ್ಪು ವೆಲ್ವೆಟ್ಟು. ಅಂಗಡಿಯಲ್ಲಿದ್ದ ಅತಿ ಗಾಢವಾದ ಕಪ್ಪು. ಅಂಚಿನ ಅಡಿಭಾಗ ಪೂರ್ತಿ, ಒಂದು ಬೆರಳಗಲವೂ ಬಿಡದೆ, ಅದನ್ನೇ ಕೂರಿಸಿ ಹೊಲಿದಳು. ಮೇಲಿನಿಂದ ಹಿಮದಂಥ ಬಿಳಿ, ಅಡಿಯಲ್ಲಿ ಬಾವಿಯಂಥ ಕಪ್ಪು. ದಾರವನ್ನು ಈ ಸಲ ಕತ್ತರಿಯಿಂದ ಕತ್ತರಿಸಿದಳು.

ಭಾನುವಾರ ಬೆಳಿಗ್ಗೆ ಬಿಳಿ ಸೂಟು, ಬಿಳಿ ಗವಸು, ಬಿಳಿ ಬೂಟಿನಲ್ಲಿ ದೊಡ್ಡಮ್ಮ ಕನ್ನಡಿ ಮುಂದೆ ಕೂತಿದ್ದಳು. ಕಿಯಾನಾ ಎರವಲು ತಂದ ಅಚ್ಚನ್ನು ಮೇಜಿಗಿಟ್ಟು ಡಬ್ಬ ಕೊಟ್ಟಳು. ದೊಡ್ಡಮ್ಮ ಡಬ್ಬ ತೆರೆದಳು. ರೆಕ್ಕೆ ನೋಡಿದಳು, ಮುಳ್ಳು ನೋಡಿದಳು, ಬಲೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ತಿರುಗಿಸಿದಳು.

"ಈ ಕಪ್ಪು ಯಾಕೆ?"

ಕಿಯಾನಾ ಸುಳ್ಳು ಹೇಳಲಿಲ್ಲ. ದಾರ ಕಡಿದದ್ದು, ತುಟಿ, ಮೀನಿನ ಬ್ರೆಡ್ಡು, ಎಲ್ಲ ಹೇಳಿದಳು. "ಬಿಳಿ ಬಟ್ಟೆ ಹಾಕಿ ಮುಚ್ಚಬಹುದಿತ್ತು ದೊಡ್ಡಮ್ಮ. ಮನಸ್ಸಾಗ್ಲಿಲ್ಲ."

ದೊಡ್ಡಮ್ಮನ ಭುಜ ಅಲುಗಲು ಶುರುವಾಯಿತು. ಹಲ್ಲಿನ ಸೆಟ್ಟು ಜಾರುವ ತನಕ ನಕ್ಕಳು. "ಮೀನಿನ ಬ್ರೆಡ್ಡು! ಅಯ್ಯೋ ದೇವರೇ! ಅದಕ್ಕೇ ಅಂದ್ಕೊಂಡೆ, ಇದ್ಯಾಕೆ ಹಸಿವು ತರಿಸ್ತಿದೆ ಅಂತ." ಕಣ್ಣೊರೆಸಿಕೊಂಡು ಟೋಪಿಯನ್ನು ತಲೆಗಿಟ್ಟು, ಜಾರದಂತೆ ಕೂದಲಿಗೆ ಸೂಜಿ ಚುಚ್ಚಿ, ಎಡಕ್ಕೆ ಒಂದು ಕೂದಲೆಳೆಯಷ್ಟು ಓರೆ ಮಾಡಿದಳು. ಕನ್ನಡಿಯಲ್ಲಿ ನೋಡಿಕೊಂಡವಳು ನಗು ನಿಲ್ಲಿಸಿದಳು. ಕಪ್ಪು ವೆಲ್ವೆಟ್ಟಿನ ಎದುರು ಅವಳ ಬೆಳ್ಳಿ ಕೂದಲು, ಅಗಲವಾದ ಕೆನ್ನೆ, ಕಂದು ಕಣ್ಣು ಎದ್ದು ಬಂದಿದ್ದವು. ಇಷ್ಟು ವರ್ಷ ಬಿಳಿ ಟೋಪಿಗಳು ಅವಳ ಮುಖವನ್ನು ಕೂದಲ ಸಮೇತ ನುಂಗಿಹಾಕಿದ್ದವು.

"ನಡಿ," ಎಂದಳು ಅಷ್ಟೇ.

ಕಿಯಾನಾ ಎಂದಿನಂತೆ ಕಪ್ಪಿನಲ್ಲೇ ಹೋದಳು. ಬಿಳಿ ತೊಡದ ಹೆಂಗಸಿಗೆ ಆ ದಿನ ಮುಂದಿನ ಸಾಲುಗಳಲ್ಲಿ ಜಾಗವಿಲ್ಲ. ಬಾಗಿಲಲ್ಲಿ ಬಿಳಿ ಗವಸು ತೊಟ್ಟು ನಿಂತಾಕೆ ಅವಳನ್ನು ಹಿಂದೆ, ಕರಿ ಸೂಟಿನ ಗಂಡಸರ ಸಾಲಿನಲ್ಲಿ ಕೂರಿಸಿದಳು. ಆ ಸಾಲಿನಲ್ಲಿ ನೆಟ್ಟಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವಳು ಅವಳೊಬ್ಬಳೇ. ಅಲ್ಲಿಂದ ಅವಳಿಗೆ ದೊಡ್ಡಮ್ಮ ಬಾಗಿಲಲ್ಲಿ ನಿಂತದ್ದು, ಒಡೆಸ್ಸಾ ಅಡ್ಡ ಬಂದದ್ದು ಎರಡೂ ಕಂಡವು.

ಒಡೆಸ್ಸಾ ಬಗ್ಗಿ ಅಂಚಿನ ಅಡಿ ನೋಡಿದಳು. "ಮಿಸ್ ಅರ್ಲೀನ್, ಕಪ್ಪು! ಇವತ್ತು! ಬೂಟಿಗಿಂತ ಟೋಪಿ ಗಾಢ ಇರಬಾರದು ಅಂತ ನಂಗೆ ಕಲಿಸಿದ್ದೇ ನೀವು."

ದೊಡ್ಡಮ್ಮ ಒಂದು ಕೈಯಲ್ಲಿ ಒಡೆಸ್ಸಾಳ ಭುಜ ಹಿಡಿದು, ಬಲಗಾಲನ್ನು ಹಿಂದಕ್ಕೆ ಮಡಚಿ, ಕುದುರೆಗೆ ಲಾಳ ಹೊಡೆಸುವವರ ಹಾಗೆ ಬೂಟಿನ ಅಡಿ ತೋರಿಸಿದಳು. "ಮೇಲೆ ಬಿಳಿ. ಅಡಿ ನೋಡು, ಯಾವ ಬಣ್ಣ? ಕಪ್ಪು. ಟೋಪಿನೂ ಹಂಗೇ ಇದೆ. ಎಲ್ಲಿ ತಪ್ಪಿದೆ ಹೇಳು. ಬೇಗ ಹೇಳು, ಒಂಟಿ ಕಾಲಲ್ಲಿ ನಿಲ್ಲೋ ವಯಸ್ಸಲ್ಲ ನಂದು."

ಒಡೆಸ್ಸಾ ಪಕ್ಕಕ್ಕೆ ಸರಿದಳು. ದೊಡ್ಡಮ್ಮ ಕಾಲಿಳಿಸಿ ನಡೆದಳು. ಆರ್ಗನ್ ಬಾರಿಸುವವನು ಒಂದು ಸ್ವರ ತಪ್ಪಿಸಿದ. ಇಪ್ಪತ್ತೆರಡು ಸಾಲು, ಎರಡೂ ಕಡೆ ಬಿಳಿ ಟೋಪಿಗಳು ಒಂದೊಂದಾಗಿ ತಿರುಗಿದವು. ನಾಚಿಕೆಯಿರುವ ಮನುಷ್ಯ ಬೇಗ ನಡೆಯುತ್ತಾನೆ. ದೊಡ್ಡಮ್ಮ ಎಷ್ಟು ನಿಧಾನ ನಡೆದಳೆಂದರೆ ಪಾದ್ರಿಗಳು ಪ್ರಾರ್ಥನೆ ಶುರು ಮಾಡಲು ಬಾಯಿ ತೆರೆದು ಎರಡು ಸಲ ಮುಚ್ಚಬೇಕಾಯಿತು. ಹಿಂದಿನ ಸಾಲಿನಲ್ಲಿ ಕಿಯಾನಾ ಪಕ್ಕದ ಮುದುಕನ ಕೈಯನ್ನು ಹಿಂಡುತ್ತಿದ್ದಳು. ಅವನು ಯಾರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆರಾಧನೆಯ ನಂತರ ನೆಲಮಾಳಿಗೆಯಲ್ಲಿ ಊಟ. ಹುರಿದ ಕೋಳಿ, ಆಲೂ ಸಲಾಡು, ಬೇಯಿಸಿದ ಸೊಪ್ಪು. ದೊಡ್ಡಮ್ಮ ಕೋಳಿ ಕಾಲು ಹಿಡಿದುಕೊಂಡೇ ತೀರ್ಪು ಹೇಳಿದಳು.

"ಅಚ್ಚು ಹುಡುಗಿಗೆ."

ಒಡೆಸ್ಸಾ ತಟ್ಟೆ ಕೆಳಗಿಟ್ಟಳು. ಅವಳು ಜಗಳಕ್ಕೆ ನಿಲ್ಲುತ್ತಾಳೆಂದೇ ಕಿಯಾನಾ ಸಿದ್ಧವಾಗಿದ್ದಳು. ಆದರೆ ಒಡೆಸ್ಸಾಳ ದನಿ ಸಣ್ಣದಾಗಿತ್ತು. "ಅಮ್ಮನ ತಲೆ ಎಲ್ಲೋ ಒಂದು ಕಡೆ ಇದೆ ಅನ್ನೋದೇ ನಂಗೆ ಒಂದು ಧೈರ್ಯ ಆಗಿತ್ತು ಮಿಸ್ ಅರ್ಲೀನ್. ಎಡಗಡೆ ಉಬ್ಬು ಸಮೇತ. ಫೋಟೋದಲ್ಲಿ ಅದು ಕಾಣಲ್ಲ."

ಬಾವಲಿ, ಭೂತ ಎಂದೆಲ್ಲ ಅಂದದ್ದರ ಹಿಂದೆ ಇಷ್ಟೇ ಇತ್ತೆಂದು ಕಿಯಾನಾಳಿಗೆ ಆಗ ತಿಳಿಯಿತು. ಸತ್ತವರನ್ನು ಬಿಟ್ಟುಕೊಡಲಾರದವಳು ತಾನೊಬ್ಬಳೇ ಎಂದುಕೊಂಡಿದ್ದಳು.

"ಮಿಸ್ ಲೂಸಿಲ್ ಅಚ್ಚು ನೀವೇ ಇಟ್ಕೊಳ್ಳಿ ಸಿಸ್ಟರ್," ಎಂದಳು. ತಲೆಯೊಳಗೆ ಮೂವತ್ತೆಂಟು, ಮೂವತ್ತೆಂಟು ಎಂದು ಒಂದು ಲೆಕ್ಕ ಕೊರಗಿತು, ನಿಜ. "ಬೀರುನಲ್ಲಿಡ್ಬೇಡಿ. ಮನೇಲಿಡಿ. ಆಗಾಗ ಕೈ ಆಡಿಸ್ತಿದ್ರೆ ಮರಕ್ಕೂ ಒಳ್ಳೇದು."

ಒಡೆಸ್ಸಾ ಥ್ಯಾಂಕ್ಸ್ ಹೇಳಲಿಲ್ಲ. "ಉಬ್ಬು ತಲೆಯೋರು ಯಾರಾದ್ರೂ ಬಂದ್ರೆ ಕೇಳು. ಕೊಡ್ತೀನಿ," ಎಂದಳು. "ವಾಪಸ್ ತಂದ್ಕೊಡ್ಬೇಕು. ಮತ್ತೆ ಅದರ ಮೇಲೆ ಬಾವ್ಲಿ ಮಾಡೋದಾದ್ರೆ ನಂಗೆ ಹೇಳ್ಬೇಡ."

"ಒಂದು ಮಾತು," ಎಂದು ದೊಡ್ಡಮ್ಮ ಮೂಳೆಯಿಂದ ಕಿಯಾನಾಳ ಎದೆಗೆ ಗುರಿಯಿಟ್ಟಳು. "ಬುಡದಲ್ಲಿರೋ ಹೆಸರು ಅಳಿಸ್ಬಾರ್ದು. ಹೊಸ ತಲೆ ಬಂದ್ರೆ, ಅದರ ಕೆಳಗೆ ಬರಿ."

ಮಂಗಳವಾರ ಡುಪ್ರೀ ಗಾಡಿಯಿಂದ ಹಣ್ಣೆಲ್ಲ ಇಳಿಸಿ ಅಚ್ಚುಗಳನ್ನು ಏರಿಸಿದ. ಮೂವತ್ತೆಂಟು ಬೋಳು ತಲೆಗಳು ಸಾಲಾಗಿ ಕೂತು ನಾಲ್ಕು ಬೀದಿ ಸವಾರಿ ಹೊರಟವು. ಸೆನೆಟರ್ ಜೀವಮಾನದಲ್ಲೇ ಮೊದಲ ಸಲ ಎಲ್ಲೂ ನಿಲ್ಲದೆ ನಡೆದ. ಕಿಯಾನಾ ಗಾಡಿಯ ಹಿಂದೆ, ಬಿದ್ದೀತೆಂದು ಎರಡೂ ಕೈ ಚಾಚಿಕೊಂಡು. ಡುಪ್ರೀಗೆ ಸುಮ್ಮನಿರಲಾಗಲಿಲ್ಲ. ಹಣ್ಣಿಗೆ ಕೂಗುವ ರಾಗದಲ್ಲೇ ಶುರು ಮಾಡಿದ:

"ತಲೆ ಬೇಕಾ ತಲೆ! ತಾಜಾ ತಲೆ! ಮಾತಾಡದ ತಲೆ, ಎದುರುತ್ತರ ಕೊಡದ ತಲೆ! ಗಂಡಂದಿರೇ ಬನ್ನಿ!"

ಜನ ಮೆಟ್ಟಿಲಿಗೆ ಬಂದು ನಿಂತರು. ಯಾರೋ ಚಪ್ಪಾಳೆ ಹೊಡೆದರು. ಮೂರನೇ ಬೀದಿಯ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಿಸ್ ಹ್ಯಾಟಿ ಕೋಲು ಎತ್ತಿ ಗಾಡಿ ನಿಲ್ಲಿಸಿದಳು. ಎಂಬತ್ತಾರು ವರ್ಷ. ಕಣ್ಣು ಮಸುಕು. ಎದ್ದು ಬಂದು ಒಂದು ಅಚ್ಚನ್ನು ತಡವಿದಳು, ಇನ್ನೊಂದನ್ನು ತಡವಿದಳು, ಮೂರನೆಯದರ ಹಣೆಯ ಮೇಲೆ ಕೈ ನಿಂತಿತು.

"ಇದು ನನ್ ತಲೆ."

ಕಿಯಾನಾ ಬುಡ ತಿರುಗಿಸಿ ನೋಡಿದಳು. "ಹೌದು ಮಿಸ್ ಹ್ಯಾಟಿ, ನಿಮ್ದೇ."

"ನನ್ನ ತಲೆ ತಗೊಂಡು ಏನ್ ಮಾಡ್ತೀಯ?"

"ನೀವು ಏನ್ ಹೇಳಿದ್ರೆ ಅದು."

ಮುದುಕಿ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು. "ಅರವತ್ತು ವರ್ಷ ಬಿಳಿ, ಗುಲಾಬಿ, ತಿಳಿ ನೀಲಿ ಹಾಕಿ ಹಾಕಿ ಸಾಕಾಗಿದೆ ಕಣೇ. ಕಪ್ಪು ಮಾಡು. ಪೂರಾ ಕಪ್ಪು. ಅರ್ಲೀನ್ ಟೋಪಿ ನೋಡ್ದಾಗಿಂದ ನಂಗೆ ನಿದ್ದೆ ಇಲ್ಲ."

"ಮೇಲೆ ಬಾವ್ಲಿ ಕೂರಿಸ್ಲಾ?"

"ಥೂ! ಬಾವ್ಲಿ ಯಾಕೆ? ನಾನೇನು ಅಂಥೋಳಾ?" ಮಿಸ್ ಹ್ಯಾಟಿ ಕೋಲು ಕುಟ್ಟಿದಳು. ಅಚ್ಚಿನ ಹಣೆಯನ್ನು ಮತ್ತೊಮ್ಮೆ ಸವರಿದಳು. "ಗೂಬೆ ಮಾಡು. ದೊಡ್ಡದು."

ಕಿಯಾನಾ ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದಳು. "ಕಣ್ಣು ಬಿಟ್ಟಿರೋದಾ, ಮುಚ್ಚಿರೋದಾ?"